ಸಿಮೆಂಟ್ ಕಿತ್ತು ಸುಣ್ಣ ಮೆತ್ತಿದ್ದು

ಇಂಗ್ಲೆಂಡಿನ ಕೆಂಟ್ ಕೌಂಟಿಯಲ್ಲಿ 15ನೇ ಶತಮಾನದ ಸ್ಥಿತಿವಂತ ಜಮೀನ್ದಾರರೊಬ್ಬರು ಕಟ್ಟಿಸಿದ ಓಕ್ ಮರದ ಮನೆಯ ದುರಸ್ತಿ ನನ್ನ ಪಾಲಿಗೆ ಬಂದಿತ್ತು. ಇಂಥ ಮನೆಯಲ್ಲಿ ನಾನು ಮೊದಲು ಹತ್ತುವುದು ಅಟ್ಟ. ನಡುಮನೆಯ ಮೇಲಿನ ಮರಗಳೆಲ್ಲ ಹೊಗೆ ಹಿಡಿದು ಕಪ್ಪಗಿದ್ದವು. ಎರಡೂ ಬದಿಯ, ಯಜಮಾನರ ಕೋಣೆ ಮತ್ತು ಉಗ್ರಾಣಗಳ ಮೇಲಿನ ಮರಗಳಿಗೆ ಮಸಿ ತಾಗಿರಲಿಲ್ಲ. ಅಂದರೆ ನಡುಮನೆಗೆ ಮೊದಲು ಮಹಡಿ ಇರಲಿಲ್ಲ. ನೆಲದ ಮೇಲೆಯೇ ಬೆಂಕಿ ಉರಿಯುತ್ತಿತ್ತು, ಹೊಗೆ ನೇರ ಸೂರಿಗೇರುತ್ತಿತ್ತು. ಚಿಮಣಿ ಬಂದದ್ದು ಆಮೇಲೆ. ಮನೆಯವರಿಗೆ ಆ ಮಸಿಯನ್ನು ಉಜ್ಜಿಸುವ ಆಸೆ. ಬೇಡವೇ ಬೇಡ ಎಂದೆ. ಆ ಮನೆಯ ಹುಟ್ಟಿಗೆ ಅದೇ ಸಾಕ್ಷಿ.

ಮನೆ ಸಂರಕ್ಷಿತ ಪಟ್ಟಿಯಲ್ಲಿದೆ. 1990ರ ಕಾನೂನಿನ ಪ್ರಕಾರ ಅದರ ಸ್ವರೂಪ ಬದಲಿಸುವ ಕೆಲಸಕ್ಕೆ, ಒಳಗಿನದಕ್ಕೂ, ಸ್ಥಳೀಯ ಕೌನ್ಸಿಲ್‌ನ ಒಪ್ಪಿಗೆ ಬೇಕು. ಇಲ್ಲದಿದ್ದರೆ ಅದು ಕ್ರಿಮಿನಲ್ ಅಪರಾಧ. ಹಾಗಾಗಿ ಒಂದೊಂದು ಕಂಬಕ್ಕೂ ನಕ್ಷೆ ಬರೆದು, ಎಷ್ಟು ಕತ್ತರಿಸುತ್ತೇವೆ, ಏಕೆ ಎಂದು ವಿವರಿಸಿ ಕೊಟ್ಟೆವು. ಕಿರಿಕಿರಿಯ ಕೆಲಸ ಎನ್ನುವವರಿದ್ದಾರೆ. ಹಾಗೆ ಬರೆಯುವಾಗಲೇ ಎಷ್ಟೋ ಕಡೆ ಕತ್ತರಿಸುವ ಅಗತ್ಯವೇ ಇಲ್ಲವೆಂದು ನನಗೆ ಹೊಳೆದದ್ದು.

ನಿಜವಾದ ಕೇಡು ಹೊರಗೋಡೆಯಲ್ಲಿತ್ತು. 20ನೇ ಶತಮಾನದಲ್ಲಿ ಯಾರೋ ಸಿಮೆಂಟ್ ಬಳಿದಿದ್ದರು. ಮರ ಹಿಗ್ಗಿ ಕುಗ್ಗುತ್ತದೆ, ಸಿಮೆಂಟ್ ಜಗ್ಗುವುದಿಲ್ಲ. ಬಿರುಕಿನಿಂದ ಒಳಹೊಕ್ಕ ಮಳೆನೀರಿಗೆ ಹೊರಬರಲು ದಾರಿಯಿಲ್ಲ. ಉಳಿ, ಸುತ್ತಿಗೆಯಿಂದ ಮೆಲ್ಲಗೆ ಎಬ್ಬಿಸಿದಾಗ ಬುಡದ ತೊಲೆ ಬೆರಳಿಗೇ ಪುಡಿಯಾಗುತ್ತಿತ್ತು. ಕಂಬಗಳನ್ನು ಮಾತ್ರ ಪೂರ್ತಿ ಬದಲಿಸಲಿಲ್ಲ. ಕೊಳೆತ ಪಾದವನ್ನಷ್ಟೇ ಕೊಯ್ದು, ಹೊಸ ಓಕ್ ತುಂಡನ್ನು ಓರೆಯಾಗಿ ಕಚ್ಚಿಸಿ ಮರದ ಬೆಣೆ ಬಡಿದೆವು. ಬಣ್ಣ ಹಚ್ಚಿ ಹಳೆಯದರಂತೆ ಕಾಣಿಸಲಿಲ್ಲ. ಹೊಸದು ಹೊಸದಾಗಿಯೇ ಕಾಣಲಿ ಎಂಬುದು ನನ್ನ ಪಟ್ಟು.

ಕಂಬಗಳ ನಡುವೆ ಹೆಣೆದ ಕಡ್ಡಿಗಳಿಗೆ ಮೆತ್ತಿದ್ದ ಹಳೆಯ ಮಣ್ಣು ಎಷ್ಟೋ ಕಡೆ ಗಟ್ಟಿಯಾಗಿಯೇ ಇತ್ತು, ಉಳಿಸಿಕೊಂಡೆವು. ಅದರ ಮೇಲೆ ಒಂದು ಪಾಲು ಸುಣ್ಣ, ಮೂರು ಪಾಲು ಮರಳು, ಜೊತೆಗೆ ಮೇಕೆಕೂದಲು ಕಲಸಿದ ಗಾರೆ. ಬೇಗ ಒಣಗಿದರೆ ಸೀಳುತ್ತದೆ, ಆದ್ದರಿಂದ ಒದ್ದೆ ಗೋಣಿ ಹೊದಿಸಿ ಕಾದೆವು. ಹಿಮಗಟ್ಟುವ ಚಳಿಯಲ್ಲಿ ಹಸಿ ಗಾರೆ ಉದುರಿಹೋಗುತ್ತದೆ. ಅದಕ್ಕೇ ಉತ್ತರದ ಗೋಡೆಯನ್ನು ವಸಂತದವರೆಗೆ ಮುಟ್ಟಲಿಲ್ಲ.