ಲಿವರ್ ಕೀವು ಎದೆಗೆ ಹತ್ತಿದ್ರೆ ಮನೆಯವರು ಏನ್ ನೋಡ್ಬೇಕು, ಏನ್ ಮಾಡ್ಬೇಕು

ಜ್ವರ, ಒಣಕೆಮ್ಮು, ಬಲಗಡೆ ಪಕ್ಕೆ ನೋವು ಅಂದ್ರೆ ಎಲ್ರಿಗೂ ಮೊದ್ಲು ನೆನಪಾಗೋದು ನ್ಯುಮೋನಿಯಾ ಇಲ್ಲಾ ಟಿಬಿ, ಕೆಮ್ಮಿನ ಸಿರಪ್ ಕುಡ್ಕೊಂಡು ವಾರಗಟ್ಟಲೆ ತಳ್ತಾರೆ. ಲಿವರ್‌ನಲ್ಲಿ ಕೀವು ತುಂಬಿದ್ರೂ ಹಿಂಗೇ ಆಗತ್ತೆ. ಲಿವರ್‌ಗೂ ಬಲ ಶ್ವಾಸಕೋಶಕ್ಕೂ ನಡುವೆ ಇರೋದು ವಪೆ ಅನ್ನೋ ತೆಳು ಸ್ನಾಯು, ಕೀವು ಜಾಸ್ತಿಯಾದ್ರೆ ಅದನ್ನ ತೂತು ಮಾಡ್ಕೊಂಡು ಎದೆಗೆ ನುಗ್ಬೋದು.

ಈ ಕೀವಿಗೆ ಕಾರಣ ಅಮೀಬಾ ಅನ್ನೋ ಸೂಕ್ಷ್ಮಜೀವಿ ಆದ್ರೆ, ಅದು ಕೊಳಕು ನೀರು, ಊಟದಿಂದ ಕರುಳಿಗೆ ಬಂದು ಅಲ್ಲಿಂದ ರಕ್ತದ ಜೊತೆ ಲಿವರ್ ಸೇರತ್ತೆ, ಗಂಡಸರಿಗೇ ಜಾಸ್ತಿ, ಅದ್ರಲ್ಲೂ ಕುಡಿಯೋರಿಗೆ. ಶುಗರ್ ಇರೋರಿಗೆ ಬ್ಯಾಕ್ಟೀರಿಯಾ ಕೀವಿನ ಭಯನೂ ಇದೆ. ಭೇದಿ ಆಗಿಲ್ಲ, ಕಣ್ಣು ಹಳದಿ ಆಗಿಲ್ಲ ಅಂತ ಸುಮ್ನಿರ್ಬೇಡಿ, ತುಂಬಾ ಜನಕ್ಕೆ ಎರಡೂ ಇರಲ್ಲ, ಮಲ ಪರೀಕ್ಷೆಲೂ ಏನೂ ಸಿಗ್ದೇ ಇರ್ಬೋದು.

ಉಸಿರು ಎಳೆದಾಗ ನೋವು ಬಲ ಭುಜದ ತುದಿಗೆ ಹೊಡಿಯತ್ತಾ, ಬಲಗಡೆ ಕೆಳಗಿನ ಪಕ್ಕೆಲುಬಿನ ಸಂದಿಲಿ ಬೆರಳಿಟ್ರೂ ಹೌಹಾರ್ತಾರಾ ನೋಡಿ, ಇದನ್ನ ಡಾಕ್ಟರ್‌ಗೆ ಬಿಡಿಸಿ ಹೇಳಿ. ಎದೆ ಎಕ್ಸ್‌ರೇಲಿ ಬಲಗಡೆ ವಪೆ ಮೇಲೆದ್ದಿದ್ರೆ ಹೊಟ್ಟೆ ಸ್ಕ್ಯಾನಿಂಗ್ ಬೇಕಾ ಅಂತ ನೀವೇ ಕೇಳಿ, ಸಂಕೋಚ ಏನಿಲ್ಲ.

ಇದ್ದಕ್ಕಿದ್ದಂಗೆ ಉಸಿರು ಕಟ್ಟಿದ್ರೆ ಕೀವು ಶ್ವಾಸಕೋಶದ ಸುತ್ತ ಒಡೆದಿರ್ಬೋದು. ಬಾಯ್ತುಂಬ ಚಾಕೊಲೇಟ್ ಬಣ್ಣದ ಕಫ ಬಂದ್ರೆ ಉಸಿರು ನಾಳಕ್ಕೇ ದಾರಿ ಮಾಡ್ಕೊಂಡಿದೆ ಅಂತ ಅನುಮಾನ ಪಡ್ಬೇಕು. ಎರಡಕ್ಕೂ ಬೆಳಗಾಗ್ಲಿ ಅಂತ ಕಾಯೋದಲ್ಲ, ಕೂರಿಸ್ಕೊಂಡೇ ಎಮರ್ಜೆನ್ಸಿಗೆ ಕರ್ಕೊಂಡು ಹೋಗಿ, ಕಫದ ಫೋಟೋ ಇದ್ರೆ ತೋರಿಸಿ.

ಅಮೀಬಾಗೆ ಸಾಮಾನ್ಯವಾಗಿ 7ರಿಂದ 10 ದಿನ ಮೆಟ್ರೋನಿಡಜೋಲ್ ಕೊಡ್ತಾರೆ, ಬಾಯೆಲ್ಲ ಲೋಹದ ರುಚಿ ಬರತ್ತೆ, ಮೂತ್ರ ಕಪ್ಪಗಾಗ್ಬೋದು, ಅದಕ್ಕೆ ಹೆದರಿ ನಿಲ್ಲಿಸ್ಬೇಡಿ, ಎಣ್ಣೆ, ಅಂದ್ರೆ ಮದ್ಯ, ಮಾತ್ರ ಮುಟ್ಟಂಗಿಲ್ಲ. ಅದು ಮುಗಿದ್ಮೇಲೆ ಕರುಳಲ್ಲಿ ಉಳಿದ ಅಮೀಬಾಗೆ ಡಿಲೋಕ್ಸನೈಡ್ ಥರದ ಇನ್ನೊಂದು ಮಾತ್ರೆ ಇದೆ, ಜ್ವರ ಬಿಟ್ಟ ಖುಷಿಲಿ ಇದನ್ನೇ ಜನ ಬಿಟ್ಬಿಡೋದು. ಬ್ಯಾಕ್ಟೀರಿಯಾ ಕೀವಾದ್ರೆ ಆಂಟಿಬಯಾಟಿಕ್ ವಾರಗಟ್ಟಲೆ ಬೇಕು. ಕೀವು ಹೊರಗೆ ತೆಗೆಯೋಕೆ ಎದೆಗೆ ಪೈಪ್ ಹಾಕಿದ್ರೆ ಅದರ ಬಾಟಲ್ ಯಾವಾಗ್ಲೂ ಎದೆಗಿಂತ ಕೆಳಗೇ ಇರ್ಲಿ, ಬಾತ್‌ರೂಮಿಗೆ ಹೋಗುವಾಗ ಎತ್ತಿ ಮಂಚದ ಮೇಲೆ ಇಡ್ಬೇಡಿ, ಪೈಪ್ ಮಡಚ್ಕೊಂಡಿದ್ಯಾ ಅಂತ ಆಗಾಗ ನೋಡ್ತಿರಿ.

ಹುಷಾರಾದ್ಮೇಲೂ ಸ್ಕ್ಯಾನಿಂಗ್‌ಲಿ ಲಿವರ್‌ನಲ್ಲಿ ಕೀವು ಇದ್ದ ಗುಳಿ ತಿಂಗಳುಗಟ್ಟಲೆ ಕಾಣತ್ತೆ. ಜ್ವರ ಇಲ್ದೆ, ಊಟ ಸೇರ್ತಿದ್ರೆ ರಿಪೋರ್ಟ್ ನೋಡಿ ಗಾಬರಿಯಾಗೋದು ಬೇಡ, ಆದ್ರೆ ಡಾಕ್ಟರ್ ಹೇಳಿದ ದಿನ ಹೋಗಿ ತೋರಿಸ್ಕೊಂಡ್ ಬನ್ನಿ.