ಹೊಸ ಮೀನು ಮಂಕಾಗಿದೆಯೇ? ಔಷಧಕ್ಕೆ ಮೊದಲು ನೀರು ನೋಡಿ

ಬೆಂಗಳೂರಿನಿಂದ ಕೋಲಾರದವರೆಗೂ ನಾಲ್ಕು ಗೋಲ್ಡ್‌ಫಿಶ್‌ಗಳ ಚೀಲವನ್ನು ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ಬಂದಿದ್ದೆ. ಅಂದು ಸಂಜೆಯೇ ಅವನ್ನು ಹಳೆಯ ಮೀನುಗಳಿದ್ದ ತೊಟ್ಟಿಗೆ ಬಿಟ್ಟೆ. ಐದನೆಯ ದಿನ ಒಂದರ ಬಾಲದ ಮೇಲೆ ರವೆ ಅಂಟಿದಂತೆ ಬಿಳಿ ಚುಕ್ಕೆಗಳು ಕಂಡವು. ಗಾಬರಿಯಲ್ಲಿ ಅಂಗಡಿಯಿಂದ ತಂದ ನೀಲಿ ಔಷಧವನ್ನು ಅಂದಾಜಿನಲ್ಲಿ ಸುರಿದೆ. ಎರಡು ವಾರಗಳಲ್ಲಿ ತೊಟ್ಟಿ ಖಾಲಿಯಾಯಿತು. ಮೂರು ವರ್ಷ ಸಾಕಿದ್ದ ಹಳೆಯ ಮೀನುಗಳೂ ಉಳಿಯಲಿಲ್ಲ. ಹೊಸ ಮೀನು ಬಂದಾಗ ನಾನು ಈಗ ಪಾಲಿಸುವ ಕ್ರಮ ಹುಟ್ಟಿದ್ದು ಆ ನಷ್ಟದಿಂದ.

ಮೊದಲ ಕೆಲಸ ಮೀನು ಮನೆಗೆ ಬರುವ ಮುನ್ನವೇ ಆಗಬೇಕು: ಹೊಸ ಮೀನನ್ನು ಕೆಲವು ವಾರ ಬೇರೆಯಾಗಿಡಲು ಜಾಗ ಸಿದ್ಧಮಾಡುವುದು. 30-40 ಲೀಟರ್ ಹಿಡಿಯುವ ಪ್ಲಾಸ್ಟಿಕ್ ಟಬ್, ಏರ್ ಪಂಪ್, ಸ್ಪಂಜ್ ಫಿಲ್ಟರ್, ಮೇಲೆ ಮುಚ್ಚಲು ಬಲೆ, ಮೀನು ಅವಿತುಕೊಳ್ಳಲು ಪಿವಿಸಿ ಪೈಪಿನ ಒಂದು ತುಂಡು ಇದ್ದರೆ ಸಾಕು. ಸ್ಪಂಜನ್ನು ಒಂದು ತಿಂಗಳು ಮೊದಲೇ ಹಳೆಯ ತೊಟ್ಟಿಯಲ್ಲಿ ಓಡಿಸಿ ತೆಗೆದರೆ ಅದರಲ್ಲಿ ಮೀನಿನ ತ್ಯಾಜ್ಯದಿಂದ ಬರುವ ಅಮೋನಿಯವನ್ನು ಅರಗಿಸುವ ಬ್ಯಾಕ್ಟೀರಿಯಾಗಳು ನೆಲೆಸಿರುತ್ತವೆ. ಈ ಟಬ್ಬಿಗೆಂದೇ ಬೇರೆ ಬಲೆ, ಬೇರೆ ಪೈಪು ಇರಲಿ. ಒದ್ದೆ ಬಲೆಯ ಮೂಲಕವೂ ರೋಗ ಒಂದು ತೊಟ್ಟಿಯಿಂದ ಇನ್ನೊಂದಕ್ಕೆ ದಾಟುತ್ತದೆ.

ಮೀನು ಬಂದ ದಿನ ಚೀಲವನ್ನು ಬಿಚ್ಚದೆ 15-20 ನಿಮಿಷ ಟಬ್ಬಿನಲ್ಲಿ ತೇಲಿಬಿಡಿ. ಬಿಚ್ಚಿದ ಮೇಲೆ ತಡ ಮಾಡಬೇಡಿ. ಮುಚ್ಚಿದ ಚೀಲದಲ್ಲಿ ಮೀನಿನ ಉಸಿರಿನ ಇಂಗಾಲದ ಡೈಆಕ್ಸೈಡ್ ತುಂಬಿ ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) ಇಳಿದಿರುತ್ತದೆ. ಆ ಸ್ಥಿತಿಯಲ್ಲಿ ಅಲ್ಲಿ ಸೇರಿದ ಅಮೋನಿಯ ಹೆಚ್ಚು ಹಾನಿ ಮಾಡುವುದಿಲ್ಲ. ಬಾಯಿ ಬಿಚ್ಚಿದೊಡನೆ ಅನಿಲ ಹೊರಹೋಗಿ ಪಿಎಚ್ ಏರುತ್ತದೆ, ಅಮೋನಿಯ ವಿಷವಾಗುತ್ತದೆ. ಹತ್ತು ನಿಮಿಷಗಳಲ್ಲಿ ಎರಡು ಮೂರು ಲೋಟ ಟಬ್ಬಿನ ನೀರು ಬೆರೆಸಿ, ಬಲೆಯಿಂದ ಮೀನನ್ನು ಮಾತ್ರ ಎತ್ತಿ ಬಿಡಿ. ಚೀಲದ ನೀರು ಚರಂಡಿಗೆ ಹೋಗಲಿ. ಅಂದು ಆಹಾರ ಬೇಡ, ದೀಪವೂ ಬೇಡ.

ಮೊದಲ ದಿನ ಬಣ್ಣ ಮಾಸುವುದು, ಮೂಲೆ ಸೇರುವುದು, ತಿನ್ನದಿರುವುದು ಪ್ರಯಾಣದ ದಣಿವು. ಎರಡು ದಿನ ಕಳೆದರೂ ರೆಕ್ಕೆ ಮಡಚಿಕೊಂಡೇ ಇದ್ದರೆ, ಕಲ್ಲಿಗೆ ಪೈಪಿಗೆ ಮೈ ಉಜ್ಜುತ್ತಿದ್ದರೆ, ನೀರಿನ ಮೇಲ್ಮೈಯಲ್ಲಿ ಬಾಯಿ ಬಿಡುತ್ತಿದ್ದರೆ ಎಚ್ಚರವಾಗಬೇಕು. ಆಗಲೂ ಔಷಧದ ಬಾಟಲಿಗೆ ಕೈ ಹಾಕುವ ಮುನ್ನ ನೀರನ್ನು ಪರೀಕ್ಷಿಸಿ. ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುವ ಹನಿ ಪರೀಕ್ಷೆಯ ಕಿಟ್‌ನಲ್ಲಿ ಅಮೋನಿಯ ಸೊನ್ನೆ ತೋರಿಸಬೇಕು.

ನಮ್ಮ ಕೋಲಾರ ಜಿಲ್ಲೆಯವರು ಇಲ್ಲಿ ಇನ್ನಷ್ಟು ಗಮನ ಕೊಡಬೇಕು. ಸಾವಿರ ಅಡಿ ದಾಟಿದ ಕೊಳವೆಬಾವಿಗಳ ಗಡಸು ನೀರು ಎಷ್ಟೋ ಮನೆಗಳಿಗೆ ಬರುತ್ತದೆ. ಹಂಡೆಯಲ್ಲಿ ಕಟ್ಟುವ ಬಿಳಿ ಪದರ ನೋಡಿದರೆ ಅದು ತಿಳಿಯುತ್ತದೆ. ಇಂಥ ನೀರಿನ ಪಿಎಚ್ ಸಾಮಾನ್ಯವಾಗಿ ಏರುಮುಖ. ಪಿಎಚ್ 7ರಿಂದ 8ಕ್ಕೆ ಏರಿದರೆ ಅಮೋನಿಯದ ವಿಷಕಾರಿ ಪಾಲು ಹತ್ತಿರ ಹತ್ತಿರ ಹತ್ತು ಪಟ್ಟಾಗುತ್ತದೆ. ಬೇರೆಡೆ ಮೀನು ತಾಳಿಕೊಳ್ಳುವಷ್ಟು ಕೊಳೆಯೇ ಇಲ್ಲಿ ಕಿವಿರು ಸುಡಲು ಸಾಕು. ನಾವು ರೋಗವೆಂದು ಹೆದರುವ ಏದುಸಿರಿಗೆ ಎಷ್ಟೋ ಬಾರಿ ಕಾರಣ ಇದೇ. ಕಾಲು ಭಾಗ ನೀರು ಬದಲಿಸಿ, ಆಹಾರ ನಿಲ್ಲಿಸಿ, ಗಾಳಿ ಹೆಚ್ಚಿಸಿದರೆ ಕೆಲವೇ ಗಂಟೆಗಳಲ್ಲಿ ಮೀನು ಚೇತರಿಸಿಕೊಳ್ಳುವುದನ್ನು ಕಂಡಿದ್ದೇನೆ.

ಬದಲಿಸುವ ನೀರು ರಾತ್ರಿಯಿಡೀ ಬಕೆಟ್‌ನಲ್ಲಿ ಏರ್ ಪಂಪಿನ ಗಾಳಿ ಪಡೆದದ್ದಾಗಿರಲಿ. ನೇರ ಮೋಟಾರಿನ ನೀರಿನಲ್ಲಿ ಆಮ್ಲಜನಕ ಕಡಿಮೆ. ಮಧ್ಯಾಹ್ನ ಮಾಳಿಗೆಯ ಟ್ಯಾಂಕಿನಿಂದ ಹಿಡಿದ ನೀರಿನ ಬಿಸಿಗೇ ಮೀನು ಸತ್ತೀತು. ಬ್ಲೀಚಿಂಗ್ ಪೌಡರ್ ಹಾಕಿದ ನಲ್ಲಿ ನೀರಾದರೆ ಕ್ಲೋರಿನ್ ತೆಗೆಯುವ ಹೈಪೊ (ಸೋಡಿಯಂ ಥಯೋಸಲ್ಫೇಟ್) ಹರಳು ಬೆರೆಸಿ, ಇಲ್ಲವೇ ಒಂದು ದಿನ ತೆರೆದಿಡಿ. ಶುದ್ಧ ನೀರಿನ ಘಟಕದಿಂದ ತಂದ 20 ಲೀಟರ್ ಕ್ಯಾನ್ ನೀರನ್ನೇ ಪೂರ್ತಿ ಬಳಸುವವರಿದ್ದಾರೆ, ಅದು ತಪ್ಪು. ಲವಣವೆಲ್ಲ ಹೋದ ನೀರಿನಲ್ಲಿ ಪಿಎಚ್ ನಿಲ್ಲುವುದಿಲ್ಲ. ಟೆಟ್ರಾದಂಥ ಮೆದುನೀರಿನ ಮೀನುಗಳಿಗೆ ಅದನ್ನು ಕೊಳವೆಬಾವಿ ನೀರಿಗೆ ಅರ್ಧಕ್ಕರ್ಧ ಬೆರೆಸಿ.

ನೀರು ಸರಿಯಿದ್ದೂ ಬಿಳಿ ಚುಕ್ಕೆಗಳು ಕಂಡರೆ ಅದು ಬಿಳಿಚುಕ್ಕೆ ರೋಗವಿರಬಹುದು. ಒಂದು ಎಚ್ಚರಿಕೆ: ಗಂಡು ಗೋಲ್ಡ್‌ಫಿಶ್‌ಗೆ ಪ್ರಾಯ ಬಂದಾಗ ಕಿವಿರಿನ ಮುಚ್ಚಳದ ಮೇಲೆ ಮತ್ತು ಎದೆಯ ರೆಕ್ಕೆಗಳ ಮುಂದಿನ ಅಂಚಿನಲ್ಲಿ ಸಾಲಾಗಿ ಬಿಳಿ ಗುಳ್ಳೆಗಳೇಳುತ್ತವೆ. ಅದು ರೋಗವಲ್ಲ. ರೋಗದ ಚುಕ್ಕೆಗಳು ಮೈ, ಬಾಲ ಎಲ್ಲೆಂದರಲ್ಲಿ ಹರಡಿರುತ್ತವೆ, ದಿನದಿನಕ್ಕೆ ಹೆಚ್ಚುತ್ತವೆ.

ಈ ರೋಗ ತರುವ ಪರಾವಲಂಬಿಯ ಬದುಕನ್ನು ಅರಿತರೆ ಚಿಕಿತ್ಸೆ ಅರ್ಥವಾಗುತ್ತದೆ. ಚುಕ್ಕೆಯಾಗಿ ಕಾಣುವಾಗ ಅದು ಮೀನಿನ ಚರ್ಮದಡಿ ಇರುತ್ತದೆ, ಅಲ್ಲಿಗೆ ಔಷಧ ತಲುಪುವುದಿಲ್ಲ. ಬಲಿತ ಮೇಲೆ ಉದುರಿ, ತಳದಲ್ಲಿ ಕೋಶ ಕಟ್ಟಿಕೊಂಡು ನೂರಾರಾಗಿ ಒಡೆಯುತ್ತದೆ. ಆ ಮರಿಗಳು ಮೀನನ್ನು ಹುಡುಕುತ್ತ ಈಜುವ ಒಂದೆರಡು ದಿನಗಳಲ್ಲಿ ಮಾತ್ರ ನಮ್ಮ ಕೈಗೆ ಸಿಗುತ್ತವೆ. ಚುಕ್ಕೆ ಉದುರಿತೆಂದು ಔಷಧ ನಿಲ್ಲಿಸಿದವರ ತೊಟ್ಟಿಯಲ್ಲಿ ಅದು ಹಲವು ಪಟ್ಟಾಗಿ ಮರಳುವುದು ಇದಕ್ಕೇ. 25 ಡಿಗ್ರಿ ಆಸುಪಾಸಿನಲ್ಲಿ ಈ ಸುತ್ತು ಸುಮಾರು ಒಂದು ವಾರದೊಳಗೆ ಮುಗಿಯುತ್ತದೆ, ತಣ್ಣನೆಯ ನೀರಿನಲ್ಲಿ ವಾರಗಟ್ಟಲೆ ಎಳೆಯುತ್ತದೆ. ಆದ್ದರಿಂದ ಡಿಸೆಂಬರ್-ಜನವರಿಯ ಕೋಲಾರದ ಚಳಿಯಲ್ಲಿ ಹೀಟರ್ ಬೇಕು. ದಿನಕ್ಕೆ ಎರಡು ಡಿಗ್ರಿ ಮೀರದಂತೆ ಏರಿಸಿ 28ಕ್ಕೆ ನಿಲ್ಲಿಸಿ, ಗೋಲ್ಡ್‌ಫಿಶ್‌ಗೆ 26 ಸಾಕು. ಬೆಚ್ಚನೆಯ ನೀರಿನಲ್ಲಿ ಆಮ್ಲಜನಕ ಕಡಿಮೆಯಿರುವುದರಿಂದ ಏರ್ ಪಂಪ್ ನಿಲ್ಲಬಾರದು.

ಇದರ ಜೊತೆಗೆ ಅಯೋಡಿನ್ ಬೆರೆಸದ ಕಲ್ಲುಪ್ಪನ್ನು ತೂಗಿ, ಬೇರೆ ಪಾತ್ರೆಯಲ್ಲಿ ಕರಗಿಸಿ, ಲೀಟರಿಗೆ ಒಂದು ಗ್ರಾಂನಂತೆ ಆರಂಭಿಸಿ ಎರಡು ದಿನಗಳಲ್ಲಿ ಎರಡು ಗ್ರಾಂಗೆ ಏರಿಸಿ. ಇಷ್ಟಕ್ಕೆ ಬಗ್ಗದಿದ್ದರೆ ಮಲಾಕೈಟ್ ಗ್ರೀನ್ ಇರುವ ಔಷಧವನ್ನು ಬಾಟಲಿಯಲ್ಲಿ ಹೇಳಿದ ಪ್ರಮಾಣದಲ್ಲಿ ಕೊಡಿ. ಹುರುಪೆ ಇಲ್ಲದ ಅಥವಾ ತೀರ ಸಣ್ಣದಿರುವ ಲೋಚ್‌ನಂಥ ಮೀನುಗಳು ಇದನ್ನು ಸಹಿಸವು, ಅವಕ್ಕೆ ಅರ್ಧ ಪ್ರಮಾಣ. ನೀರಿನ ಉದ್ದ, ಅಗಲ, ಆಳವನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಸಾವಿರದಿಂದ ಭಾಗಿಸಿದರೆ ಲೀಟರ್ ಸಿಗುತ್ತದೆ. ನಾನು ತಪ್ಪಿದ್ದು ಇಲ್ಲಿಯೇ. ಫಿಲ್ಟರಿನಲ್ಲಿ ಇದ್ದಿಲು ಇದ್ದರೆ ತೆಗೆಯಿರಿ, ಅದು ಔಷಧವನ್ನು ಹೀರುತ್ತದೆ. ಕೊನೆಯ ಚುಕ್ಕೆ ಹೋದ ಮೇಲೂ ಒಂದು ವಾರ ಮುಂದುವರಿಸಿ.

ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದಾಗ ಮೈಮೇಲೆ ಚಿನ್ನದ ಪುಡಿ ಹೊಳೆದರೆ ಅದು ಬೇರೆ ಪರಾವಲಂಬಿ. ಟಬ್ಬಿಗೆ ಕತ್ತಲು ಕವಿಸುವುದೂ ಅದರ ಚಿಕಿತ್ಸೆಯ ಭಾಗ. ಬಾಯಿಯ ಸುತ್ತ ಹತ್ತಿ ಹಿಡಿದಂತಿದ್ದರೆ ಬಹಳ ಸಲ ಅದು ಬ್ಯಾಕ್ಟೀರಿಯಾ. ಅಲ್ಲಿ ನೀರು ಬಿಸಿ ಮಾಡಿದರೆ ರೋಗ ಉಲ್ಬಣಿಸುತ್ತದೆ. ಮೆಡಿಕಲ್ ಅಂಗಡಿಯ ಟೆಟ್ರಾಸೈಕ್ಲಿನ್ ಕ್ಯಾಪ್ಸೂಲನ್ನು ನೀರಿಗೆ ಬಿಚ್ಚಿ ಹಾಕುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಗಡಸು ನೀರಿನ ಕ್ಯಾಲ್ಸಿಯಂ ಅದನ್ನು ಕಟ್ಟಿಹಾಕುತ್ತದೆ, ಔಷಧ ವ್ಯರ್ಥವಾಗುತ್ತದೆ. ಪಶುವೈದ್ಯರನ್ನೋ ಜಿಲ್ಲಾ ಮೀನುಗಾರಿಕೆ ಇಲಾಖೆಯವರನ್ನೋ ಕೇಳಿ. ಹೊಟ್ಟೆ ಉಬ್ಬಿ ಹುರುಪೆಗಳು ನಿಗುರಿದ ಮೀನು ಉಳಿಯುವುದು ಅಪರೂಪ.

ಸತ್ತ ಮೀನನ್ನು ಮಣ್ಣಿನಲ್ಲಿ ಹೂಳಿ. ಬದುಕಿರುವ ರೋಗದ ಮೀನನ್ನು ಪಾಪವೆಂದು ಕೆರೆಗೆ ಬಿಡಬೇಡಿ. ದಶಕಗಳ ಕಾಲ ಒಣಗಿದ್ದ ನಮ್ಮ ಕೆರೆಗಳಿಗೆ 2018ರಿಂದ ಕೆ.ಸಿ. ವ್ಯಾಲಿಯ (ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ) ಸಂಸ್ಕರಿಸಿದ ನೀರು ಬರತೊಡಗಿದೆ. ಅಲ್ಲಿಗೆ ಹೊರಗಿನ ಮೀನನ್ನೂ ಅದರ ರೋಗವನ್ನೂ ಸೇರಿಸುವುದು ಬೇಡ. ಕೈಯಲ್ಲಿ ಗಾಯವಿದ್ದರೆ ತೊಟ್ಟಿಗೆ ಕೈ ಅದ್ದಬೇಡಿ; ಮೀನಿನಿಂದ ಮನುಷ್ಯರ ಚರ್ಮಕ್ಕೆ ದಾಟುವ ಬ್ಯಾಕ್ಟೀರಿಯಾಗಳಿವೆ.

ಲಕ್ಷಣಗಳಿಲ್ಲದೆ ನಾಲ್ಕು ವಾರ ಕಳೆದ ಮೇಲಷ್ಟೇ ಹೊಸ ಮೀನು ದೊಡ್ಡ ತೊಟ್ಟಿಗೆ ಹೋಗಲಿ. ನಡುವೆ ಒಂದು ಚುಕ್ಕೆ ಕಂಡರೂ ಎಣಿಕೆ ಮತ್ತೆ ಒಂದರಿಂದ. ಟಬ್, ಬಲೆ, ಪೈಪುಗಳನ್ನು ತೊಳೆದು ಎರಡು ದಿನ ಬಿಸಿಲಿನಲ್ಲಿ ಬೋರಲು ಹಾಕಿ. ಪೂರ್ತಿ ಒಣಗಿದಲ್ಲಿ ಬಿಳಿಚುಕ್ಕೆಯ ಕೋಶ ಬದುಕುವುದಿಲ್ಲ.