ನಾಯಿಯ ಬೆನ್ನಿಗೆ ಕೈರೊಪ್ರಾಕ್ಟಿಕ್: ಯಾವಾಗ ಮಾಡಿಸಬೇಕು, ಯಾವಾಗ ಮುಟ್ಟಗೊಡಬಾರದು

ನಾಯಿ ಮೆಟ್ಟಿಲ ಮುಂದೆ ನಿಂತುಬಿಟ್ಟರೆ, ಎತ್ತಿಕೊಂಡಾಗ ಕುಂಯ್ ಅಂದರೆ, ಬಾಗಲಕೋಟೆ-ವಿಜಯಪುರದ ಕಡೆ ಮೊದಲು ಕೇಳುವ ಮಾತು "ಸೊಂಟ ಹಿಡದೈತಿ, ಉಳುಕು ತೆಗಿಸ್ಕೊಂಡ ಬರ್ರಿ." ಈಗ ಮೊಬೈಲ್ ವಿಡಿಯೊಗಳಿಂದ ಇನ್ನೊಂದು ಸಲಹೆಯೂ ಸೇರಿಕೊಂಡಿದೆ: ಕೈರೊಪ್ರಾಕ್ಟಿಕ್, ಅಂದರೆ ಬೆನ್ನೆಲುಬಿನ ಬಿಗಿದ ಕೀಲುಗಳನ್ನು ಕೈಯಿಂದ ತಳ್ಳಿ ಸಡಿಲಿಸುವ ಪದ್ಧತಿ. ಕುತ್ತಿಗೆ ತಿರುಗಿಸಿದರು, ಚಟ್ ಅಂದಿತು, ನಾಯಿ ಬಾಲ ಆಡಿಸಿತು. ಉಳುಕು ತೆಗೆಯುವುದೂ ಇದೂ ಒಂದೇ ಅಲ್ಲ. ಆದರೆ ಎರಡಕ್ಕೂ ನಿಯಮ ಒಂದೇ: ನೋವಿಗೆ ಕಾರಣ ಏನೆಂದು ಗೊತ್ತಾಗುವ ತನಕ ನಾಯಿಯ ಬೆನ್ನನ್ನು ಯಾರಿಂದಲೂ ಒತ್ತಿಸಬೇಡಿ.

ನಾಯಿಗೆ ಕುತ್ತಿಗೆಯಲ್ಲಿ 7, ಎದೆಯ ಭಾಗದಲ್ಲಿ 13, ಸೊಂಟದಲ್ಲಿ 7 ಕಶೇರುಗಳು, ಅಂದರೆ ಬೆನ್ನೆಲುಬಿನ ಮಣಿಗಳು. ಆಮೇಲೆ ಒಂದಕ್ಕೊಂದು ಬೆಸೆದ 3, ಕೊನೆಗೆ ಬಾಲದವು. ಎರಡು ಕಶೇರುಗಳ ನಡುವೆ ಮೆತ್ತೆಯಂಥ ಡಿಸ್ಕ್ ಇರುತ್ತದೆ, ಮೇಲ್ಭಾಗದಲ್ಲಿ ಒಂದು ಜೊತೆ ಸಣ್ಣ ಕೀಲುಗಳಿರುತ್ತವೆ. ಆ ಕೀಲು ಬಿಗಿದು ಪಕ್ಕದ ಸ್ನಾಯು ಗಂಟು ಕಟ್ಟಿದಾಗ, ಬಲ್ಲವರು ಅದನ್ನು ಬೆರಳಿನಿಂದಲೇ ಹುಡುಕಿ, ಕೀಲಿನ ಮೇಲ್ಮೈ ಯಾವ ದಿಕ್ಕಿಗಿದೆಯೋ ಆ ದಿಕ್ಕಿಗೆ ತೀರಾ ಚಿಕ್ಕದಾದ, ಥಟ್ಟನೆ ಒಂದು ತಳ್ಳು ಕೊಡುತ್ತಾರೆ. ವೇಗ ಹೆಚ್ಚು, ದೂರ ಕಡಿಮೆ, ಮೈಭಾರ ಹಾಕುವ ಮಾತೇ ಇಲ್ಲ. "ಎಲುಬು ಜಾಗ ಬಿಟ್ಟಿತ್ತು, ಕೂಡಿಸಿದೆವು" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಿಜವಾಗಿಯೂ ಜಾಗ ಬಿಟ್ಟ ಕಶೇರುವನ್ನು ಕೈಯಿಂದ ಕೂಡಿಸಲು ಹೋಗಬಾರದು, ಅದು ಸರ್ಜನ್ ನೋಡಬೇಕಾದ ಕೇಸು. ಆ ಚಟ್ ಸದ್ದು ಕೀಲಿನ ದ್ರವದೊಳಗಿನ ಗಾಳಿಗುಳ್ಳೆಯದು. ಸದ್ದು ಬಂದರೆ ಗುಣವಾಯಿತು, ಬಾರದಿದ್ದರೆ ಇಲ್ಲ ಎಂಬ ಲೆಕ್ಕವಿಲ್ಲ.

ಲಾಭ ಎಷ್ಟು? ಈ ಪದ್ಧತಿ 1895ರಲ್ಲಿ ಅಮೆರಿಕದಲ್ಲಿ ಮನುಷ್ಯರಿಗಾಗಿ ಶುರುವಾದದ್ದು. ಪ್ರಾಣಿಗಳ ಮೇಲಿನ ಅಧ್ಯಯನ ಕುದುರೆಗಳಲ್ಲಿ ಅಷ್ಟಿಷ್ಟು ನಡೆದಿದೆ, ನಾಯಿಗಳಲ್ಲಿ ಬಹಳ ಕಡಿಮೆ. ವಯಸ್ಸಾದ ಲ್ಯಾಬ್ರಡಾರ್ ಸೊಂಟದ ಕೀಲು ಸವೆದು ಮುಂಗಾಲಿನ ಮೇಲೆ ಭಾರ ಹಾಕಿ ನಡೆಯುತ್ತಿರುತ್ತದೆ. ಆಗ ಅದರ ಬೆನ್ನು, ಭುಜ ಬಿಗಿಯುತ್ತವೆ. ಆ ಬಿಗಿತ ಸಡಿಲಿಸಲು ಔಷಧ, ತೂಕ ಇಳಿಕೆ, ವ್ಯಾಯಾಮದ ಜೊತೆಗೆ ಇದೂ ಒಂದು ಕೈ ಆಗಬಹುದು. ಸವೆದ ಕೀಲು ಇದರಿಂದ ಮರಳಿ ಬೆಳೆಯುವುದಿಲ್ಲ. ಹೊಟ್ಟೆ ಕೆಟ್ಟದ್ದು, ಚರ್ಮದ ಅಲರ್ಜಿ ಇದರಿಂದ ವಾಸಿಯಾಗುತ್ತದೆ ಎನ್ನುವವರಿಗೆ ದೂರದಿಂದಲೇ ನಮಸ್ಕಾರ.

ಮೊದಲು ಮನೆಯಲ್ಲೇ ನೋಡಿ

ಬೆನ್ನಿನಿಂದಲ್ಲ, ಪಾದದಿಂದ ಶುರು ಮಾಡಿ. ಮುಧೋಳ ನಾಯಿ ಎರೆಹೊಲದಲ್ಲಿ ಓಡಿ ಬಂದು ಕುಂಟಿದರೆ, ಎಷ್ಟೋ ಸಲ ಕಾರಣ ಕಾಲಲ್ಲೇ ಸಿಗುತ್ತದೆ: ಪಾದದ ಮೆತ್ತೆಯೊಳಗೆ ಮುರಿದು ಕೂತ ಜಾಲಿಮುಳ್ಳು, ಸೀಳಿದ ಉಗುರು, ಊದಿದ ಬೆರಳಿನ ಕೀಲು. ಬೆರಳುಗಳ ನಡುವೆ ಬಿಡಿಸಿ ನೋಡಿ, ಒಂದೊಂದೇ ಬೆರಳನ್ನು ಮೆಲ್ಲಗೆ ಒತ್ತಿ. ಆಮೇಲೆ ತೊಡೆಯ ಒಳಭಾಗ. ವೇಗದಲ್ಲಿ ತಿರುಗುವ ನಾಯಿಗಳಿಗೆ ಅಲ್ಲಿಯ ಸ್ನಾಯು ಹರಿಯುವುದುಂಟು.

ಇನ್ನೊಂದು ಮಾತು: ಮುಧೋಳ ನಾಯಿಯ ಸೊಂಟ ಹುಟ್ಟಿನಿಂದಲೇ ತುಸು ಕಮಾನು, ಸೊಂಟದೆಲುಬು ಎದ್ದು ಕಾಣುವುದೂ ತಳಿಯ ಗುಣ. ಲ್ಯಾಬ್ರಡಾರ್ ನೋಡಿ ರೂಢಿಯಾದ ಕಣ್ಣಿಗೆ ಅದು ಬೆನ್ನು ಬಾಗಿದಂತೆ ಕಾಣುತ್ತದೆ. ಹೊಸದಾಗಿ ಬಾಗಿದ್ದರೆ, ಹೊಟ್ಟೆ ಕಲ್ಲಿನಂತೆ ಬಿಗಿದಿದ್ದರೆ ಮಾತ್ರ ಅದು ನೋವಿನ ಗುರುತು.

ಇನ್ನು ನರದ ಪರೀಕ್ಷೆ. ಇದು ತಪ್ಪಿಸಬಾರದ ಹೆಜ್ಜೆ. ಜಾರದ ನೆಲದಲ್ಲಿ ನಾಯಿಯನ್ನು ನಿಲ್ಲಿಸಿ, ಹೊಟ್ಟೆಯ ಕೆಳಗೆ ಒಂದು ಕೈ ಆಸರೆ ಕೊಡಿ. ಹಿಂಗಾಲಿನ ಪಾದವನ್ನು ಮಡಚಿ, ಅದರ ಮೇಲ್ಭಾಗ ನೆಲಕ್ಕೆ ತಾಗುವಂತೆ ಇಡಿ. ಸರಿಯಿರುವ ನಾಯಿ ಕ್ಷಣದಲ್ಲೇ ಪಾದ ತಿರುಗಿಸಿಕೊಳ್ಳುತ್ತದೆ. ಹಾಗೇ ಮಡಚಿಕೊಂಡು ನಿಂತರೆ ಕಾಲಿಗೂ ಮಿದುಳಿಗೂ ನಡುವಿನ ಸಂದೇಶ ಎಲ್ಲೋ ತಡೆಯಾಗಿದೆ. ಹಿಂಗಾಲಿನ ನಡುವಿನ ಎರಡು ಉಗುರುಗಳನ್ನೂ ನೋಡಿ. ಮೇಲಿನಿಂದ ಸವೆದಿದ್ದರೆ, ಶಹಾಬಾದ್ ಕಲ್ಲಿನ ಮೇಲೆ ನಡೆವಾಗ ಸರ್ ಸರ್ ಎಂದು ಗೀರುವ ಸದ್ದು ಬಂದರೆ, ನಾಯಿ ಕಾಲು ಎಳೆಯುತ್ತಿದೆ.

ಕೊನೆಗೆ ವಿಡಿಯೊ. ಹಗ್ಗ ಸಡಿಲ ಹಿಡಿದು ನಿಧಾನ ನಡೆಸುತ್ತ ಹಿಂದಿನಿಂದ, ಮುಂದಿನಿಂದ, ಪಕ್ಕದಿಂದ 20 ಸೆಕೆಂಡಿನಂತೆ ತೆಗೆಯಿರಿ. ಆಸ್ಪತ್ರೆಯ ಟೇಬಲ್ ಮೇಲೆ ಹೆದರಿದ ನಾಯಿ ಕುಂಟುವುದನ್ನೇ ಮರೆತುಬಿಡುತ್ತದೆ.

ಮುಟ್ಟಗೊಡಬಾರದ ನಾಯಿಗಳು

ಪಾದ ತಿರುಗಿಸಿಕೊಳ್ಳದ, ಹಿಂಗಾಲು ತೂರಾಡುವ, ಮೂತ್ರ ಕಟ್ಟಿದ ನಾಯಿಗೆ ಕೈರೊಪ್ರಾಕ್ಟಿಕ್ ಬೇಡವೇ ಬೇಡ, ಅದೇ ದಿನ ಪಶುವೈದ್ಯರ ಬಳಿ ಒಯ್ಯಿರಿ. ಡ್ಯಾಶ್‌ಹುಂಡ್‌ನಂಥ ಉದ್ದ ಬೆನ್ನಿನ ನಾಯಿಗಳಲ್ಲಿ ಡಿಸ್ಕ್ ಉಬ್ಬಿ ಬೆನ್ನುಹುರಿಯನ್ನು ಒತ್ತುತ್ತದೆ. ಹೆಚ್ಚಾಗಿ ಎದೆಯ ಭಾಗ ಮುಗಿದು ಸೊಂಟ ಶುರುವಾಗುವ ಕಡೆ. ಅದರ ಮೇಲೆ ಒಂದು ತಳ್ಳು ಬಿದ್ದರೆ ಉಬ್ಬಿದ್ದು ಒಡೆಯಬಹುದು, ನಡೆದು ಬಂದ ನಾಯಿ ನಡೆಯದೆ ಹೋಗಬಹುದು. ಹಿಂಗಾಲಿನ ಬೆರಳು ಗಟ್ಟಿಯಾಗಿ ಚಿವುಟಿದರೂ ಅರಿವಿಲ್ಲ ಎಂಬ ಹಂತ ಮುಟ್ಟಿದರೆ ಆಪರೇಷನ್‌ಗೆ ಗಂಟೆಗಳ ಲೆಕ್ಕ.

ಪೊಮೆರೇನಿಯನ್, ಚಿಹುವಾಹುವಾದಂಥ ಪುಟ್ಟ ನಾಯಿಗಳಲ್ಲಿ ಕುತ್ತಿಗೆಯ ಮೊದಲೆರಡು ಕಶೇರುಗಳ ಕಟ್ಟು ಸಡಿಲವಿರುವ ಸಾಧ್ಯತೆ ಇದೆ, ಡೋಬರ್‌ಮನ್, ಗ್ರೇಟ್ ಡೇನ್‌ಗಳಲ್ಲಿ ಕುತ್ತಿಗೆಯೊಳಗಿನ ಬೆನ್ನುಹುರಿಯ ಮೇಲೆಯೇ ಒತ್ತಡ ಬಿದ್ದಿರಬಹುದು. ಇವುಗಳ ಕುತ್ತಿಗೆ ತಿರುಗಿಸುವವರಿಂದ ನಾಯಿಯನ್ನು ಎತ್ತಿಕೊಂಡು ಬನ್ನಿ. ಬೈಕಿಗೆ ಸಿಕ್ಕ ನಾಯಿ, ಎಲುಬಿನ ಗಡ್ಡೆ ಇರುವ ನಾಯಿ, ಬೆಳೆಯುತ್ತಿರುವ ಮರಿ, ಜ್ವರ ಬಂದ ನಾಯಿಗೂ ಬೇಡ.

ಜ್ವರದ ಮಾತು ಬಂತು: ನಮ್ಮ ಕಡೆ ಉಣ್ಣಿ ಕಾಟ ಹೆಚ್ಚು. ಉಣ್ಣಿಯಿಂದ ಬರುವ ಎರ್ಲಿಕಿಯ ಎಂಬ ಸೋಂಕು ಕೀಲುಗಳಿಗೆ ನೋವು ತಂದು ನಾಯಿ ಬಿಗಿದುಕೊಂಡು ನಡೆಯುವಂತೆ ಮಾಡುತ್ತದೆ. ನೋಡಿದವರಿಗೆಲ್ಲ ಅದು ಸೊಂಟ ಹಿಡಿದದ್ದೇ. ಒಸಡು ಬಿಳಿಚಿದ್ದರೆ, ಊಟ ಬಿಟ್ಟಿದ್ದರೆ ಮೊದಲು ರಕ್ತಪರೀಕ್ಷೆ.

ಯಾರ ಬಳಿ, ಹೇಗೆ

1984ರ ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆಯ ಪ್ರಕಾರ ಪ್ರಾಣಿಗಳಿಗೆ ಚಿಕಿತ್ಸೆ ಕೊಡಬೇಕಾದವರು ನೋಂದಾಯಿತ ಪಶುವೈದ್ಯರು. ಹಾಗಾಗಿ ನೋಂದಣಿ ಸಂಖ್ಯೆ ಕೇಳಿ, ಸಂಕೋಚ ಬೇಡ. ಮನುಷ್ಯರ ಬೆನ್ನು ನೋಡುವವರು ನಾಯಿಗೆ ಕೈ ಹಚ್ಚುವುದಾದರೆ ಪಶುವೈದ್ಯರು ಪಕ್ಕದಲ್ಲಿರಬೇಕು. ಬೆಳಗಾವಿಯಲ್ಲೋ ಹುಬ್ಬಳ್ಳಿಯಲ್ಲೋ ಯಾರಾದರೂ ಸಿಕ್ಕರೆ ಮೂರು ಪ್ರಶ್ನೆ ಕೇಳಿ: ಈ ವಿದ್ಯೆ ಪ್ರಾಣಿಗಳ ಮೇಲೆ ಎಲ್ಲಿ ಕಲಿತಿರಿ, ಮೊದಲು ನರದ ಪರೀಕ್ಷೆ ಮಾಡುತ್ತೀರಾ, ಎಷ್ಟು ಸಲ ಆದ ಮೇಲೆ ಫಲ ಕಾಣದಿದ್ದರೆ ನಿಲ್ಲಿಸುತ್ತೀರಿ? ಮೂರನೆಯದಕ್ಕೆ ತಡವರಿಸಿದರೆ ಅಲ್ಲಿಂದಲೇ ವಾಪಸ್ ಹೊರಡಿ.

ಸರಿಯಾದ ಒಂದು ಭೇಟಿ ಅರ್ಧ ಗಂಟೆಯ ಕೆಲಸ. ಅದರಲ್ಲಿ ಹೆಚ್ಚಿನ ಸಮಯ ನಾಯಿ ನಡೆಯುವುದನ್ನು ನೋಡುವುದರಲ್ಲಿ, ಕುತ್ತಿಗೆಯಿಂದ ಬಾಲದ ತನಕ ಬೆರಳಾಡಿಸುವುದರಲ್ಲಿ ಹೋಗುತ್ತದೆ. ನಾಯಿ ನಿಂತೇ ಇರುತ್ತದೆ, ನೀವು ತಲೆಯ ಬಳಿ. ನಾಯಿ ತುಟಿ ನೆಕ್ಕಿಕೊಂಡರೆ, ತಿರುಗಿ ಕೈ ನೋಡಿದರೆ, ಮೈ ಬಿಗಿ ಹಿಡಿದರೆ ಅಲ್ಲಿಗೇ ನಿಲ್ಲಿಸಬೇಕು. ಮತ್ತಿನ ಮದ್ದು ಕೊಟ್ಟು ಮಾಡುತ್ತೇವೆಂದರೆ ಒಪ್ಪಬೇಡಿ. ಬೆನ್ನನ್ನು ಕಾಯುವ ಸ್ನಾಯುಬಿಗಿತವೂ ಆಗ ಇರುವುದಿಲ್ಲ, ನೋವೆಂದು ಹೇಳುವ ಬಾಯಿಯೂ ಇರುವುದಿಲ್ಲ.

ಏಪ್ರಿಲ್-ಮೇ ಬಿಸಿಲಿನಲ್ಲಿ ಬೆಳಿಗ್ಗೆ 8ರೊಳಗೆ ವೈದ್ಯರ ಊರು ಮುಟ್ಟುವಂತೆ ಹೊರಡಿ. ಗಾಡಿಯಲ್ಲಿ ಕೌದಿಯನ್ನು ಎರಡು ಮಡಿಕೆ ಹಾಸಿ, ನಾಯಿ ಜಾರದಂತೆ ಕಟ್ಟಿ. ಸಣ್ಣ ನಾಯಿಯನ್ನು ಬಗಲಲ್ಲಿ ಇರುಕಬೇಡಿ. ಒಂದು ಕೈ ಎದೆಗೆ, ಇನ್ನೊಂದು ಹಿಂಭಾಗಕ್ಕೆ ಕೊಟ್ಟು ಬೆನ್ನು ಸಮನಾಗಿರುವಂತೆ ಎತ್ತಿ.

ಮಾಡಿಸಿದ ಮೇಲೆ 24 ಗಂಟೆ ಓಟ, ನೆಗೆತ, ಮೆಟ್ಟಿಲು ಬಂದ್. ಹಗ್ಗ ಹಿಡಿದು 10 ನಿಮಿಷದ ನಡಿಗೆ ಸಾಕು. ಒಂದೆರಡು ದಿನ ತುಸು ಸೆಡೆತ ಇರಬಹುದು. ನೋವೆಂದು ಮೆಡಿಕಲ್ ಶಾಪಿನ ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೊಡಬೇಡಿ, ಹೊಟ್ಟೆ ಹುಣ್ಣಾಗಬಹುದು, ಕಿಡ್ನಿಯೂ ಹೋಗಬಹುದು. ಪಶುವೈದ್ಯರು ಬರೆದ ನೋವಿನ ಮಾತ್ರೆಯ ಜೊತೆಗೂ ಸ್ಟೀರಾಯ್ಡ್ ಸೇರಿಸಬಾರದು. ಸೆಡೆತ 48 ಗಂಟೆ ದಾಟಿದರೆ ಫೋನ್ ಮಾಡಿ, ತೂರಾಟ ಕಂಡರೆ ಫೋನಿಗೂ ಕಾಯಬೇಡಿ.

ಟೈಲ್ಸ್ ನೆಲದ ಮನೆಯಲ್ಲಿ ಏನು ಮಾಡಿಸಿದರೂ ಎರಡು ದಿನದ ಭಾಗ್ಯ. ಜಾರುವ ನೆಲದಲ್ಲಿ ಪ್ರತಿ ಹೆಜ್ಜೆಗೂ ಸೊಂಟ ಬಿಗಿಯುತ್ತದೆ. ಮಲಗುವ ಜಾಗದಿಂದ ನೀರಿನ ಬಟ್ಟಲಿನ ತನಕ, ಅಲ್ಲಿಂದ ಬಾಗಿಲ ತನಕ ಗೋಣಿತಟ್ಟು ಹಾಸಿ, ಅಂಚು ಸರಿಯದಂತೆ ಟೇಪ್ ಹಚ್ಚಿ. ಪಾದದ ನಡುವಿನ ಕೂದಲು ಕತ್ತರಿಸಿ. ಕೊರಳಪಟ್ಟಿಯ ಬದಲು ಎದೆಪಟ್ಟಿ ಹಾಕಿ. ಎರಡು-ಮೂರು ಭೇಟಿ ಆದ ಮೇಲೆ ಮೊದಲಿನ ವಿಡಿಯೊ, ಈಗಿನ ವಿಡಿಯೊ ಅಕ್ಕಪಕ್ಕ ಇಟ್ಟು ನೋಡಿ. ನಡಿಗೆ ಬದಲಾಗಿರದಿದ್ದರೆ ನಾಲ್ಕನೆಯದಕ್ಕೆ ಹಣ ಕೊಡದೆ ಎಕ್ಸ್‌ರೇಗೆ ಕೊಡಿ.